ರಜೆಯಲ್ಲಿ ಹಲ್ಲು ನೋಡಿಕೊಳ್ಳುವುದು ಹೇಗೆ: ಹಲ್ಲಿನ ಡಾಕ್ಟರ್ ಒಬ್ಬಳ ಸಲಹೆ

ಬೇಸಿಗೆ ರಜೆ ಮುಗಿದ ಮೇಲೆ ಮೊದಲ ಕೆಲವು ವಾರ ನನ್ನ ಕ್ಲಿನಿಕ್ಕಿನಲ್ಲಿ ಕೂರಲು ಜಾಗ ಇರುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಮಕ್ಕಳು. ಒಬ್ಬನಿಗೆ ದವಡೆ ಹಲ್ಲಿನ ನೋವು, ಇನ್ನೊಬ್ಬಳ ಒಸಡು ಊದಿದೆ, ಮತ್ತೊಬ್ಬನ ಮುಂದಿನ ಹಲ್ಲು ಈಜುಕೊಳದ ಅಂಚಿಗೆ ಬಡಿದು ಮುರಿದಿದೆ. "ರಜೆ ಅಂತ ಸಿಹಿ ಜಾಸ್ತಿ ತಿಂದುಬಿಟ್ಟ ಡಾಕ್ಟ್ರೇ" ಎಂದು ಅಪ್ಪ ಅಮ್ಮ ಹೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆಯದನ್ನು: ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದ? ಮಲಗುವ ಮುಂಚೆ ಹಲ್ಲುಜ್ಜುತ್ತಿದ್ದನಾ?

ಉತ್ತರ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಶಾಲೆ ಇರುವಾಗ ದಿನಕ್ಕೊಂದು ಕ್ರಮ ಇರುತ್ತದೆ. ಹೊತ್ತಿಗೆ ತಿಂಡಿ, ಹೊತ್ತಿಗೆ ಊಟ, ಇಷ್ಟು ಗಂಟೆಗೆ ಹಾಸಿಗೆ. ರಜೆ ಬಂದ ಕೂಡಲೇ ಎರಡು ಸಂಗತಿ ತಪ್ಪುತ್ತವೆ. ಬಾಯಾಡಿಸುವುದು ಬೆಳಗಿನಿಂದ ರಾತ್ರಿಯವರೆಗೂ ನಡೆಯುತ್ತದೆ, ರಾತ್ರಿ ಹಲ್ಲುಜ್ಜುವುದು ನಿಲ್ಲುತ್ತದೆ. ರಜೆಯಲ್ಲಿ ಐಸ್‌ಕ್ರೀಮ್ ತಿನ್ನಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ನನ್ನ ಮಕ್ಕಳಿಗೂ ಕೊಡುತ್ತೇನೆ. ಹೊತ್ತಿಗೆ ತಿನ್ನುವುದು, ರಾತ್ರಿ ಹಲ್ಲುಜ್ಜುವುದು, ಈ ಎರಡನ್ನು ಮಾತ್ರ ಬಿಡದೆ ಹಿಡಿದುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಜೊತೆಗೆ ದಾರಿಯಲ್ಲಿ ಏನಾದರೂ ಆದರೆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎನ್ನುವುದು ದೊಡ್ಡವರಿಗೆ ಗೊತ್ತಿರಬೇಕು.

ಹೊರಡುವ ಮೊದಲು

ಪ್ರಯಾಣಕ್ಕೆ ಮೂರು ನಾಲ್ಕು ವಾರ ಇರುವಾಗಲೇ ಒಮ್ಮೆ ಹಲ್ಲು ತೋರಿಸಿಕೊಳ್ಳಿ. ಹೊರಡುವ ಹಿಂದಿನ ದಿನ ಬಂದರೆ ನಾವು ಹೆಚ್ಚೇನೂ ಮಾಡಲು ಆಗುವುದಿಲ್ಲ. ರೂಟ್ ಕೆನಾಲ್‌ಗೆ, ಅಂದರೆ ಹಲ್ಲಿನ ಬೇರಿನೊಳಗಿನ ಸೋಂಕು ತೆಗೆದು ಮುಚ್ಚುವ ಚಿಕಿತ್ಸೆಗೆ, ಎಷ್ಟೋ ಸಲ ಒಂದಕ್ಕಿಂತ ಹೆಚ್ಚು ಭೇಟಿ ಬೇಕು. ಕ್ಯಾಪ್ ಮಾಡಿಸಲು ಅಳತೆ ತೆಗೆದು ಕೆಲವು ದಿನ ಕಾಯಬೇಕು. ಹಲ್ಲು ಕಿತ್ತ ಮೇಲೆ ಗಾಯ ಮಾಯಲು ಸಮಯ ಬೇಕು.

ಅರ್ಧಕ್ಕೆ ನಿಂತ ಕೆಲಸ ಇದ್ದರೆ ಅದನ್ನು ಖಂಡಿತ ಮುಗಿಸಿಕೊಂಡೇ ಹೋಗಿ. ರೂಟ್ ಕೆನಾಲ್ ಶುರುಮಾಡಿ ತಾತ್ಕಾಲಿಕ ಫಿಲ್ಲಿಂಗ್ ಹಾಕಿಸಿಕೊಂಡವರು ನೋವು ಹೋಯಿತಲ್ಲ ಎಂದು ಸುಮ್ನೆ ಇದ್ದುಬಿಡುತ್ತಾರೆ. ಆ ಫಿಲ್ಲಿಂಗ್ ಹೆಸರೇ ಹೇಳುವ ಹಾಗೆ ಕೆಲವು ವಾರಕ್ಕಷ್ಟೇ. ಅದು ಸವೆದು ಸೋರಿದರೆ ಒಳಗೆ ಮತ್ತೆ ಸೋಂಕು ಸೇರುತ್ತದೆ. ವಿಮಾನದಲ್ಲಿ ಹೋಗುವವರಿಗೆ ಇನ್ನೊಂದು ಕಾರಣವೂ ಇದೆ. ಆಳವಾದ ಹುಳುಕು ಇರುವ ಹಲ್ಲು, ಫಿಲ್ಲಿಂಗ್ ಸಡಿಲವಾದ ಹಲ್ಲು ನೆಲದ ಮೇಲೆ ತಣ್ಣಗಿದ್ದು, ಮೇಲೆ ಹೋಗಿ ಗಾಳಿಯ ಒತ್ತಡ ಬದಲಾದಾಗ ನೋಯಲು ಶುರುವಾಗಬಹುದು. ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡುವವರಿಗೂ ಇದೇ ತೊಂದರೆ.

ಮಗುವಿಗೆ ಆರು ವರ್ಷದ ಆಸುಪಾಸಾಗಿದ್ದರೆ ಹೊರಡುವ ಮೊದಲೇ ಬಾಯಿ ತೆರೆಸಿ ತೀರಾ ಹಿಂದೆ ನೋಡಿ. ಕೊನೆಯ ಹಾಲು ಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಮೂಡುತ್ತಿರಬಹುದು. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ "ಹಾಲು ಹಲ್ಲಲ್ವಾ, ಬಿದ್ದು ಹೋಗುತ್ತೆ" ಎಂದುಕೊಳ್ಳುತ್ತಾರೆ. ಅಲ್ಲ, ಅದು ಜೀವಮಾನ ಪೂರ್ತಿ ಇರಬೇಕಾದ ಹಲ್ಲು. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ. ಬ್ರಷ್ಷಿನ ಎಳೆ ಕೂಡ ಕೆಲವು ಗೀರಿನ ತಳ ಮುಟ್ಟುವುದಿಲ್ಲ. ಹೊಸದಾಗಿ ಹುಟ್ಟಿದ ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಬಿಳಿ ಪದರ, ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ನಾನು ನೋಡುವ ಹುಳುಕುಗಳಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವುದು ಈ ಹಲ್ಲಿನದೇ. ಗೀರುಗಳನ್ನು ಮುಚ್ಚುವ ಸೀಲೆಂಟ್ ಎಂಬ ತೆಳು ಲೇಪ ಇದೆ. ಅದಕ್ಕೆ ಕೊರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ನೋವೂ ಇಲ್ಲ. ಹಲ್ಲು ಸಾಕಷ್ಟು ಹೊರಗೆ ಬಂದಿದ್ದರೆ ಅದರ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಹಲ್ಲಿನ ಮೇಲೆ ಯಾವಾಗಲೂ ಬ್ಯಾಕ್ಟೀರಿಯಾಗಳ ತೆಳು ಪದರ ಇರುತ್ತದೆ. ನೀವು ಸಿಹಿ ತಿಂದ ಕೆಲವೇ ನಿಮಿಷಕ್ಕೆ ಅವು ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಆಮ್ಲ ಎಷ್ಟಿದೆ ಎಂದು ಅಳೆಯುವ ಅಂಕಿ ಪಿಎಚ್; ಅದು ಇಳಿದಷ್ಟೂ ಆಮ್ಲ ಜಾಸ್ತಿ. ಬಾಯಿಯ ಪಿಎಚ್ ಸಾಮಾನ್ಯವಾಗಿ 7ರ ಹತ್ತಿರ ಇರುತ್ತದೆ. ಹಲ್ಲಿನ ಮೇಲೆ ಅದು ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರಲು ಶುರುವಾಗುತ್ತದೆ. ಆಮೇಲೆ ಜೊಲ್ಲು ತನ್ನ ಕೆಲಸ ಮಾಡುತ್ತದೆ. ಆಮ್ಲವನ್ನು ತೊಳೆದು, ಅದರ ಶಕ್ತಿ ಕುಗ್ಗಿಸಿ, ಕರಗಿದ ಖನಿಜವನ್ನು ಮತ್ತೆ ಹಲ್ಲಿಗೆ ಸೇರಿಸುತ್ತದೆ. ಬಾಯಿ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಈಗ ಒಂದು ಕಾರು ಪ್ರಯಾಣ ನೆನಪಿಸಿಕೊಳ್ಳಿ. ಹಿಂದಿನ ಸೀಟಿನಲ್ಲಿ ಮಗು, ಕೈಯಲ್ಲೊಂದು ಜ್ಯೂಸ್ ಬಾಟಲಿ. ಗಟಗಟ ಕುಡಿಯುವುದಿಲ್ಲ. ಹತ್ತು ನಿಮಿಷಕ್ಕೊಂದು ಗುಟುಕು, ಮಧ್ಯೆ ಒಂದು ಚಾಕೊಲೇಟ್, ಆಮೇಲೆ ಮತ್ತೊಂದು ಗುಟುಕು. ಜೊಲ್ಲು ಇನ್ನೇನು ಚೇತರಿಸಿಕೊಳ್ಳಬೇಕು ಅನ್ನುವಾಗ ಮತ್ತೆ ಸಕ್ಕರೆ, ಮತ್ತೆ ಆಮ್ಲ. ಮೂರು ಗಂಟೆ ಪ್ರಯಾಣದಲ್ಲಿ ಆ ಹಲ್ಲುಗಳಿಗೆ ಬಿಡುವೇ ಸಿಗುವುದಿಲ್ಲ. ಅದೇ ಬಾಟಲಿಯನ್ನು ಊಟದ ಜೊತೆ ಒಂದೇ ಸಲಕ್ಕೆ ಕುಡಿದಿದ್ದರೆ ಒಂದೇ ಪೆಟ್ಟಿಗೆ ಮುಗಿಯುತ್ತಿತ್ತು. ಸಕ್ಕರೆ ಅಷ್ಟೇ. ಹಾನಿ ಮಾತ್ರ ಎಷ್ಟೋ ಪಾಲು ಬೇರೆ.

ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಗೆ ನಡೆದ ಪ್ರಯೋಗ ತೋರಿಸಿಕೊಟ್ಟದ್ದು ಇದನ್ನೇ. ಊಟದ ಜೊತೆ ಸಕ್ಕರೆ ತಿಂದವರಿಗಿಂತ, ಊಟಗಳ ನಡುವೆ ಹಲ್ಲಿಗೆ ಅಂಟುವ ಟಾಫಿ ತಿಂದವರ ಹಲ್ಲು ಬಹಳ ಹೆಚ್ಚು ಹುಳುಕಾಯಿತು. ಆ ಪ್ರಯೋಗ ನಡೆಸಿದ್ದು ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರ ಒಪ್ಪಿಗೆ ಇಲ್ಲದೆ. ಅದು ದೊಡ್ಡ ಅನ್ಯಾಯ. ಇಂದು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಆ ಜನ ಅಷ್ಟು ನೋವು ಉಂಡು ನಮಗೆ ತಿಳಿದದ್ದನ್ನು ನಾವು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ರಜೆಯಲ್ಲಿ ಏನು ಮಾಡಬೇಕು? ಸಿಹಿಯನ್ನು ಊಟದ ಜೊತೆಗೆ ಅಥವಾ ಊಟ ಆದ ಕೂಡಲೇ ಕೊಡಿ. ಆಗ ಜೊಲ್ಲು ಚೆನ್ನಾಗಿ ಸುರಿಯುತ್ತಿರುತ್ತದೆ. ಮಧ್ಯಾಹ್ನ ಒಂದು ಐಸ್‌ಕ್ರೀಮ್ ಅಂದರೆ ಒಂದು ಐಸ್‌ಕ್ರೀಮ್, ಕೂತು ತಿಂದು ಮುಗಿಸಲಿ. ಒಂದೇ ಲಾಲಿಪಾಪನ್ನು ಗಂಟೆಗಟ್ಟಲೆ ಬಾಯಲ್ಲಿಟ್ಟುಕೊಂಡು ತಿರುಗುವುದಕ್ಕಿಂತ ಅದೇ ವಾಸಿ. ಅಂಟುವ ಕ್ಯಾಂಡಿ ಇನ್ನೂ ಕೆಟ್ಟದ್ದು. ಜನ ಆರೋಗ್ಯಕ್ಕೆ ಒಳ್ಳೆಯದು ಎಂದು ಕೊಡುವ ಒಣದ್ರಾಕ್ಷಿಯೂ ಹಲ್ಲಿನ ಗೀರಿಗೆ ಹಾಗೇ ಅಂಟಿಕೊಳ್ಳುತ್ತದೆ. ಬಿಸ್ಕತ್ತು, ಚಿಪ್ಸ್ ಕೂಡ ಹಿಟ್ಟಿನ ಹಾಗೆ ಮೆತ್ತಿಕೊಂಡು ಬಹಳ ಹೊತ್ತು ಕೂರುತ್ತವೆ. ಚಿಪ್ಸ್ ಉಪ್ಪಲ್ವಾ, ಅದರಿಂದ ಹಲ್ಲಿಗೇನು ಎಂದು ಕೇಳುವವರಿದ್ದಾರೆ. ಅದರಲ್ಲಿರುವ ಪಿಷ್ಟವೂ ಬಾಯಲ್ಲೇ ಸಕ್ಕರೆಯಾಗಿ ಒಡೆಯುತ್ತದೆ.

ಮಧ್ಯೆ ಮಧ್ಯೆ ಬಾಯಾರಿದರೆ ನೀರು. ಬರೀ ನೀರು. ಪ್ರಯಾಣದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ನೀರಿನ ಬಾಟಲಿ ಕೊಡಿ, ಜ್ಯೂಸನ್ನು ಮುಂದಿನ ಸೀಟಿನಲ್ಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇದೊಂದು ಬದಲಾವಣೆ ನನ್ನ ಮನೆಯಲ್ಲಿ ಬೇರೆ ಎಲ್ಲ ಬುದ್ಧಿಮಾತಿಗಿಂತ ಚೆನ್ನಾಗಿ ನಡೆದಿದೆ. ಬೇಸಿಗೆಯಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ಜೊಲ್ಲೂ ಕಡಿಮೆಯಾಗುತ್ತದೆ. ಬಾಯಿ ಒಣಗಿದ ಹೊತ್ತಲ್ಲಿ ಆಮ್ಲವನ್ನು ತೊಳೆಯಲು ಏನೂ ಉಳಿದಿರುವುದಿಲ್ಲ. ಅಂಥ ಹೊತ್ತಲ್ಲೇ ನಾವು ಕೋಲಾ ಬಾಟಲಿ ತೆರೆಯುತ್ತೇವೆ.

ಕೋಲಾದ ಪಿಎಚ್ ಸುಮಾರು 2.5. ನಿಂಬೆ ರಸವೂ ಹೆಚ್ಚುಕಡಿಮೆ ಅಷ್ಟೇ ಹುಳಿ. ಆಟಗಾರರು ಕುಡಿಯುವ ಎನರ್ಜಿ, ಸ್ಪೋರ್ಟ್ಸ್ ಡ್ರಿಂಕ್‌ಗಳು 3ರ ಆಸುಪಾಸು. ಸಕ್ಕರೆ ಇಲ್ಲದ ಡಯೆಟ್ ಕೋಲಾದಲ್ಲೂ ಆಮ್ಲ ಇದ್ದೇ ಇರುತ್ತದೆ. ಇಂಥದ್ದನ್ನು ಕುಡಿದರೆ ಬೇಗ ಕುಡಿದು ಮುಗಿಸಿ, ಸ್ಟ್ರಾ ಇದ್ದರೆ ಒಳ್ಳೆಯದು, ಆಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಕೂಡಲೇ ಹಲ್ಲುಜ್ಜಬೇಡಿ. ಆಮ್ಲ ತಾಗಿ ಮೆತ್ತಗಾದ ಎನಾಮೆಲ್ ಮೇಲೆ ಬ್ರಷ್ ಆಡಿಸಿದರೆ ಅದು ಸವೆಯುತ್ತದೆ. ಅರ್ಧ ಗಂಟೆಯಾದರೂ ಬಿಡಿ.

ಬಸ್ಸು ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೂ ಇದೇ ನಿಯಮ. ಬಾಯಿ ವಾಸನೆ ಹೋಗಲಿ ಎಂದು ಅಮ್ಮಂದಿರು ಆಗಲೇ ಬ್ರಷ್ ಕೈಗೆ ಕೊಡುತ್ತಾರೆ. ಹೊಟ್ಟೆಯ ಆಮ್ಲ ತುಂಬಾ ತೀಕ್ಷ್ಣ. ಮೊದಲು ಬರೀ ನೀರಿನಲ್ಲಿ ಎರಡು ಮೂರು ಸಲ ಮುಕ್ಕಳಿಸಲಿ. ಒಂದು ಚಿಟಿಕೆ ಅಡುಗೆ ಸೋಡಾ ಸಿಕ್ಕಿದರೆ ನೀರಿಗೆ ಹಾಕಿ. ಉಜ್ಜುವುದು ಆಮೇಲೆ.

ರಾತ್ರಿಯ ಬ್ರಷ್

ಬೆಳಗಿನದು ಒಂದು ದಿನ ತಪ್ಪಿದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ರಾತ್ರಿಯದು ತಪ್ಪಬಾರದು. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತುಂಬಾ ಕಡಿಮೆಯಾಗುತ್ತದೆ. ಹಲ್ಲಿನ ಸಂದಿಯಲ್ಲಿ ಉಳಿದ ಸಿಹಿಗೆ ಪೂರ್ತಿ ರಾತ್ರಿ ಸಿಗುತ್ತದೆ.

ರಜೆಯಲ್ಲಿ ಇದು ತಪ್ಪುವುದು ಸೋಮಾರಿತನದಿಂದಲ್ಲ. ಮಕ್ಕಳು ಸೋಫಾ ಮೇಲೆ, ಕಾರಿನಲ್ಲಿ, ಯಾರದೋ ತೊಡೆಯ ಮೇಲೆ ನಿದ್ದೆ ಹೋಗಿಬಿಡುತ್ತಾರೆ. ಎಬ್ಬಿಸಲು ಮನಸ್ಸು ಬರುವುದಿಲ್ಲ. ಅದಕ್ಕೆ ನನ್ನ ಉಪಾಯ: ಮಲಗುವ ಹೊತ್ತಿಗೆ ಕಾಯಬೇಡಿ. ರಾತ್ರಿ ಊಟ ಮುಗಿದು ಸ್ವಲ್ಪ ಹೊತ್ತಿಗೇ ಉಜ್ಜಿಸಿಬಿಡಿ. ಆಮೇಲೆ ಆಟ ಆಡಲಿ, ಸಿನಿಮಾ ನೋಡಲಿ, ಹರಟೆ ಹೊಡೆಯಲಿ, ನೀರು ಬಿಟ್ಟು ಬೇರೇನೂ ಬಾಯಿಗೆ ಬೇಡ. ರಾತ್ರಿ ಕಾರಿನಲ್ಲಿ ವಾಪಸ್ ಹೊರಡುವುದಿದ್ದರೆ ಹೊರಡುವ ಮುಂಚೆಯೇ ಉಜ್ಜಿಸಿ ಕೂರಿಸಿ. ಎರಡು ಮೂರು ಕುಟುಂಬ ಒಟ್ಟಿಗೆ ಇದ್ದರೆ ಮಕ್ಕಳನ್ನೆಲ್ಲ ಒಟ್ಟಿಗೆ ಸಿಂಕ್ ಮುಂದೆ ನಿಲ್ಲಿಸಿ. ಒಬ್ಬರನ್ನು ನೋಡಿ ಒಬ್ಬರು ಉಜ್ಜುತ್ತಾರೆ, ಗಲಾಟೆ ಇರುವುದಿಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುವ ಪುಟ್ಟ ಮಕ್ಕಳಿದ್ದರೆ ಆ ಅಭ್ಯಾಸ ಬಿಡಿಸಿ. ಬಿಡಿಸುವವರೆಗೆ ಬಾಟಲಿಯಲ್ಲಿ ನೀರು ಮಾತ್ರ ಹಾಕಿ.

ಏಳೆಂಟು ವರ್ಷದ ತನಕ ಮಕ್ಕಳ ಕೈಗೆ ಚೆನ್ನಾಗಿ ಉಜ್ಜುವ ಹಿಡಿತ ಬಂದಿರುವುದಿಲ್ಲ. ಅವರು ಉಜ್ಜಲಿ, ಆಮೇಲೆ ನೀವು ಒಂದು ಕೈ ನೋಡಿ. ಮಗುವಿನ ಹಿಂದೆ ನಿಂತು ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಳ್ಳಿ. ಎಡಗೈಯ ತೋರುಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಸರಿಸಿ. ಬಾಯಿ ದೊಡ್ಡದಾಗಿ ತೆರೆಸಬೇಡಿ, ಅರ್ಧ ಮುಚ್ಚಿದ್ದರೆ ಕೆನ್ನೆ ಸಡಿಲವಾಗಿ ಹಿಂದಿನವರೆಗೂ ಜಾಗ ಸಿಗುತ್ತದೆ. ನಾನು ಹೇಳಿದ ಆ ಆರು ವರ್ಷದ ದವಡೆ ಹಲ್ಲು ಪಕ್ಕದ ಹಲ್ಲಿಗಿಂತ ಇನ್ನೂ ಕುಳ್ಳಗಿರುತ್ತದೆ. ಎಂದಿನಂತೆ ಹಿಂದೆ ಮುಂದೆ ಉಜ್ಜಿದರೆ ಬ್ರಷ್ ಅದರ ಮೇಲೆಯೇ ಹಾದು ಹೋಗುತ್ತದೆ, ಮುಟ್ಟುವುದಿಲ್ಲ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಡ್ಡ ಒಳಗೆ ತಂದು, ಆ ಒಂದೇ ಹಲ್ಲಿನ ಮೇಲೆ ಚಿಕ್ಕದಾಗಿ ಆಡಿಸಿ.

ಪೇಸ್ಟ್ ಹುಳುಕು ತಡೆಯುವ ಫ್ಲೋರೈಡ್ ಇರುವುದೇ ಆಗಲಿ. ಟ್ಯೂಬಿನ ಮೇಲೆ 1000 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಎಂದಿರಬೇಕು. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬಾ ಹಾಕುವುದನ್ನು ಮಕ್ಕಳಿಗೆ ಅನುಸರಿಸಬೇಡಿ. ಎರಡು ನಿಮಿಷ ಉಜ್ಜಿ, ನೊರೆ ಉಗುಳಿ. ಆಮೇಲೆ ನೀರು ತುಂಬಿಕೊಂಡು ಮುಕ್ಕಳಿಸುವುದು ಬೇಡ. ಇದನ್ನು ಕೇಳಿದರೆ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಆದರೆ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಎಲ್ಲಾ ಸಿಂಕಿಗೆ ಹೋಗುತ್ತದೆ. ಕೆಲವು ದಿನದಲ್ಲಿ ರೂಢಿಯಾಗುತ್ತದೆ.

ಬ್ರಷ್ಷನ್ನು ಬಟ್ಟೆಯ ಬ್ಯಾಗಿನ ತಳದಲ್ಲಿ ಹಾಕಬೇಡಿ, ಅದಕ್ಕಾಗಿ ರಾತ್ರಿ ಯಾರೂ ಬ್ಯಾಗ್ ಬಿಚ್ಚುವುದಿಲ್ಲ. ಕೈಚೀಲದಲ್ಲಿ, ಮೇಲೆಯೇ ಇರಲಿ. ಒದ್ದೆ ಬ್ರಷ್ಷನ್ನು ಮುಚ್ಚಿದ ಡಬ್ಬಿಯಲ್ಲಿ ದಿನಗಟ್ಟಲೆ ಇಟ್ಟರೆ ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ. ಪ್ರಯಾಣಕ್ಕೆ ತೂತುಗಳಿರುವ ಮುಚ್ಚಳ ಸಾಕು. ತಲುಪಿದ ಕೂಡಲೇ ತೆಗೆದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಒಣಗಲಿ. ಒಂದೇ ಲೋಟದಲ್ಲಿ ಎಲ್ಲರ ಬ್ರಷ್ ತಲೆಗೆ ತಲೆ ತಾಗದಂತೆ ನೋಡಿ. ಹೋದ ಜಾಗದ ನಲ್ಲಿ ನೀರು ಕುಡಿಯಲು ಯೋಗ್ಯವಲ್ಲದಿದ್ದರೆ ಹಲ್ಲುಜ್ಜಲೂ ಕುಡಿಯುವ ನೀರನ್ನೇ ಬಳಸಿ. ಕೈ ಸಾಮಾನಿನಲ್ಲಿ ಪೇಸ್ಟ್ ಒಯ್ಯುವವರಿಗೆ ಒಂದು ಮಾತು: ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ಅದನ್ನೂ ದ್ರವದ ಲೆಕ್ಕಕ್ಕೇ ಹಿಡಿಯುತ್ತಾರೆ, 100 ಮಿಲಿಗಿಂತ ದೊಡ್ಡ ಟ್ಯೂಬ್ ಬಿಡುವುದಿಲ್ಲ.

ಉಜ್ಜಲು ಅವಕಾಶವೇ ಇಲ್ಲದ ಹೊತ್ತಲ್ಲಿ ದೊಡ್ಡವರು, ದೊಡ್ಡ ಮಕ್ಕಳು ಊಟದ ನಂತರ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಇಪ್ಪತ್ತು ನಿಮಿಷ ಅಗಿಯಬಹುದು. ಜೊಲ್ಲು ಚೆನ್ನಾಗಿ ಬರುತ್ತದೆ. ಬ್ರಷ್ಷಿಗೆ ಅದು ಬದಲಿಯಲ್ಲ. ಮನೆಯಲ್ಲಿ ನಾಯಿ ಇದ್ದರೆ ಗಮ್ ಪೊಟ್ಟಣ ಅದರ ಬಾಯಿಗೆ ಸಿಗದ ಹಾಗೆ ಇಡಿ. ಕೆಲವು ಗಮ್‌ಗಳಲ್ಲಿ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಗಳಿಗೆ ವಿಷ.

ಹಲ್ಲು ಬೇರು ಸಮೇತ ಹೊರಗೆ ಬಂದರೆ

ಇದನ್ನು ದಯವಿಟ್ಟು ಎರಡು ಸಲ ಓದಿ. ರಜೆ ಅಂದರೆ ಸೈಕಲ್, ಈಜುಕೊಳ, ಓಟ. ಒದ್ದೆ ನೆಲದಲ್ಲಿ ಓಡಿ ಜಾರಿ ಬೀಳುವುದು, ಆಳ ಇಲ್ಲದ ನೀರಿಗೆ ತಲೆಕೆಳಗಾಗಿ ಧುಮುಕುವುದು, ಹೀಗೆ ಮುಂದಿನ ಹಲ್ಲಿಗೆ ಪೆಟ್ಟಾಗುತ್ತದೆ. ಮೇಲಿನ ಮುಂದಿನ ಹಲ್ಲು ಉಬ್ಬಾಗಿರುವ ಮಕ್ಕಳಿಗೆ ಈ ಅಪಾಯ ಜಾಸ್ತಿ. ಆಗ ಪಕ್ಕದಲ್ಲಿರುವುದು ಡಾಕ್ಟರ್ ಅಲ್ಲ, ನೀವು. ಆ ಹಲ್ಲು ಉಳಿಯುತ್ತದೋ ಇಲ್ಲವೋ ಎನ್ನುವುದು ಬಹುಪಾಲು ನೀವು ಮಾಡುವುದರ ಮೇಲಿದೆ.

ಮಗುವಿಗೆ ಪ್ರಜ್ಞೆ ತಪ್ಪಿದ್ದರೆ, ತಲೆಗೆ ಜೋರು ಪೆಟ್ಟಾಗಿದ್ದರೆ ಹಲ್ಲಿನ ಚಿಂತೆ ಆಮೇಲೆ. ಮೊದಲು ಆಸ್ಪತ್ರೆ.

ಅಂಥದ್ದೇನೂ ಇಲ್ಲದಿದ್ದರೆ, ಬಿದ್ದದ್ದು ಹಾಲು ಹಲ್ಲೋ ಶಾಶ್ವತ ಹಲ್ಲೋ ನೋಡಿ. ಮುಂದಿನ ಶಾಶ್ವತ ಹಲ್ಲುಗಳು ಆರರಿಂದ ಎಂಟು ವರ್ಷದ ನಡುವೆ ಬರುತ್ತವೆ. ಅವು ದೊಡ್ಡವು, ಹಾಲು ಹಲ್ಲಿಗಿಂತ ಸ್ವಲ್ಪ ಹಳದಿ. ಹೊಸದಾಗಿದ್ದರೆ ತುದಿಯಲ್ಲಿ ಅಲೆಅಲೆಯಾದ ಏರಿಳಿತ ಇರುತ್ತದೆ. ಹಾಲು ಹಲ್ಲನ್ನು ಮತ್ತೆ ಒಳಗೆ ಕೂರಿಸಬಾರದು. ಕೂರಿಸಲು ಹೋದರೆ ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ. ಆ ಹಲ್ಲನ್ನು ಜೊತೆಗೆ ತಂದು ಡಾಕ್ಟರಿಗೆ ತೋರಿಸಿದರೆ ಸಾಕು.

ಶಾಶ್ವತ ಹಲ್ಲಾದರೆ ಹುಡುಕಿ ಎತ್ತಿಕೊಳ್ಳಿ. ಹಿಡಿಯುವುದು ಬಾಯಲ್ಲಿ ಕಾಣುವ ಬಿಳಿ ಭಾಗದಲ್ಲಿ ಮಾತ್ರ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ, ಬಟ್ಟೆಯಿಂದ ಒರೆಸಬೇಡಿ. ಬೇರಿನ ಮೇಲೆ ಕಣ್ಣಿಗೆ ಕಾಣದ ಜೀವಕೋಶಗಳ ತೆಳು ಪದರ ಅಂಟಿಕೊಂಡಿರುತ್ತದೆ. ಹಲ್ಲು ಎಲುಬಿಗೆ ಮತ್ತೆ ಹಿಡಿದುಕೊಳ್ಳುವುದು ಅದರಿಂದ. ಅದು ಒಣಗಿದರೆ ಸಾಯುತ್ತದೆ.

ಮಣ್ಣು ಮೆತ್ತಿದ್ದರೆ ಹಾಲಿನಲ್ಲಿ ಅಥವಾ ಸಲೈನ್‌ನಲ್ಲಿ (ಔಷಧಿ ಅಂಗಡಿಯ ಉಪ್ಪು ನೀರಿನ ದ್ರಾವಣ) ಮೆಲ್ಲಗೆ ಅದ್ದಿ ತೆಗೆಯಿರಿ. ಎರಡೂ ಸಿಗದಿದ್ದರೆ ತಣ್ಣೀರಿನಲ್ಲಿ ಒಂದೇ ಕ್ಷಣ. ಆಮೇಲೆ ಧೈರ್ಯ ಮಾಡಿ ಹಲ್ಲನ್ನು ಅದರ ಜಾಗಕ್ಕೇ ಕೂರಿಸಿ. ಉಬ್ಬಿದ ಮೈ ತುಟಿಯ ಕಡೆಗೆ, ಒಳಗೆ ಬಾಗಿದ ಮೈ ನಾಲಿಗೆಯ ಕಡೆಗೆ. ಪಕ್ಕದ ಹಲ್ಲನ್ನು ನೋಡಿದರೆ ಗೊತ್ತಾಗುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗೆ ಇಳಿಯುತ್ತದೆ. ಒಂದು ಸ್ವಚ್ಛ ಕರವಸ್ತ್ರ ಮಡಿಸಿ ಕಚ್ಚಿಕೊಳ್ಳಲು ಕೊಡಿ, ಹಲ್ಲು ಅಲ್ಲೇ ನಿಲ್ಲುತ್ತದೆ. ಸೀದಾ ಹಲ್ಲಿನ ಡಾಕ್ಟರ್ ಹತ್ತಿರ ಹೊರಡಿ.

ಕೂರಿಸಲು ಆಗಲಿಲ್ಲವಾ? ಮಗು ಬಿಡುತ್ತಿಲ್ಲವಾ? ಆಗ ಹಲ್ಲನ್ನು ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿ ತನ್ನಿ. ಹಾಲು ಇಲ್ಲದಿದ್ದರೆ ಒಂದು ಡಬ್ಬಿಯಲ್ಲಿ ಮಗುವಿನದೇ ಜೊಲ್ಲು ಉಗುಳಿಸಿ ಅದರಲ್ಲಿ ಇಡಿ. ನೀರಿನಲ್ಲಿ ಬಹಳ ಹೊತ್ತು ಇಡುವುದು ಒಳ್ಳೆಯದಲ್ಲ, ಆ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಆದರೆ ಒಣಗಲು ಬಿಡುವುದಕ್ಕಿಂತ ಅದೂ ವಾಸಿ. ಜನ ಸಾಮಾನ್ಯವಾಗಿ ತರುವುದು ಟಿಶ್ಯೂ ಪೇಪರಿನಲ್ಲಿ ಸುತ್ತಿ. ಎಲ್ಲಕ್ಕಿಂತ ಹಾಳು ಅದೇ. ಕಾಗದ ಇದ್ದ ತೇವವನ್ನೂ ಹೀರಿಬಿಡುತ್ತದೆ.

ಮೊದಲ ಹದಿನೈದು ನಿಮಿಷದಲ್ಲಿ ಹಲ್ಲು ವಾಪಸ್ ಕೂತರೆ ಉಳಿಯುವ ಸಾಧ್ಯತೆ ತುಂಬಾ ಚೆನ್ನಾಗಿದೆ. ಒಂದು ಗಂಟೆ ಒಣಗಿದರೆ ಆ ಜೀವಕೋಶಗಳು ಉಳಿದಿರುವುದಿಲ್ಲ. ಹಾಗಂತ ತಡವಾದ ಹಲ್ಲನ್ನು ಎಸೆಯಬೇಡಿ, ತನ್ನಿ. ಬೆಳೆಯುವ ಮಕ್ಕಳಲ್ಲಿ ಕೆಲವು ವರ್ಷದ ಮಟ್ಟಿಗಾದರೂ ಅದನ್ನು ಉಳಿಸಿಕೊಳ್ಳುವುದಕ್ಕೆ ಅರ್ಥ ಇದೆ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿದೆ ಎನ್ನುವುದನ್ನೂ ಡಾಕ್ಟರಿಗೆ ಹೇಳಿ.

ಹಲ್ಲು ಪೂರ್ತಿ ಬರದೆ ಒಂದು ಚೂರು ಮುರಿದಿದ್ದರೆ ಆ ಚೂರನ್ನು ಹುಡುಕಿ ನೀರಿನಲ್ಲೋ ಹಾಲಿನಲ್ಲೋ ಹಾಕಿ ತನ್ನಿ. ಎಷ್ಟೋ ಸಲ ಅದನ್ನೇ ಅಂಟಿಸಬಹುದು. ಚೂರು ಎಲ್ಲೂ ಸಿಗದೆ, ತುಟಿ ಕೂಡ ಒಡೆದು ಊದಿದ್ದರೆ ಅದನ್ನು ಮರೆಯದೆ ಹೇಳಿ. ಚೂರು ತುಟಿಯೊಳಗೇ ಸಿಕ್ಕಿಕೊಂಡಿರಬಹುದು.

ದಾರಿಯಲ್ಲಿ ನೋವು ಶುರುವಾದರೆ

ಮೊದಲು ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ ಮುಕ್ಕಳಿಸಿ, ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿದೆಯಾ ಎಂದು ದಾರದಿಂದ ತೆಗೆಯಲು ನೋಡಿ. ಕೆಲವು ನೋವು ಅಷ್ಟಕ್ಕೇ ಹೋಗುತ್ತದೆ. ನೋವಿನ ಮಾತ್ರೆಯನ್ನು ನುಂಗಬೇಕು, ಹಲ್ಲಿನ ಪಕ್ಕ ಇಟ್ಟುಕೊಳ್ಳಬಾರದು. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಂಡು ಅಲ್ಲಿ ಬೆಳ್ಳಗೆ ಸುಟ್ಟ ಗಾಯ ಮಾಡಿಕೊಂಡು ಬರುವವರು ಈಗಲೂ ಇದ್ದಾರೆ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಪ್ಯಾರಾಸಿಟಮಾಲ್ ಕೊಡುವುದಾದರೆ ತೂಕಕ್ಕೆ ತಕ್ಕ ಪ್ರಮಾಣ ಕೇಳಿ ಕೊಡಿ. ಕೆನ್ನೆ ಊದಿದ್ದರೆ ಹೊರಗಿನಿಂದ ತಣ್ಣನೆ ಶಾಖ ಕೊಡಿ, ಬಿಸಿ ಶಾಖ ಬೇಡ.

ಊತದ ಜೊತೆ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡಿದರೆ ರಜೆ ಮುಗಿಯುವ ತನಕ ಕಾಯುವ ಮಾತೇ ಇಲ್ಲ. ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಉಸಿರಾಟಕ್ಕೆ ಅಡ್ಡಿಯಾಗುವ ಮಟ್ಟಕ್ಕೆ ಹೋಗಬಲ್ಲದು.

ಕ್ಯಾಪ್ ಕಳಚಿ ಬಂದರೆ ಜೋಪಾನವಾಗಿ ಇಟ್ಟುಕೊಳ್ಳಿ, ಆ ಕಡೆ ಅಗಿಯಬೇಡಿ. ಫೆವಿಕ್ವಿಕ್‌ನಂಥ ಅಂಟು ಹಾಕಿ ಮನೆಯಲ್ಲೇ ಅಂಟಿಸಬೇಡಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಆರ್ಥೊಡಾಂಟಿಕ್ ವ್ಯಾಕ್ಸ್ ಎಂಬ ಮೆತ್ತನೆಯ ಮೇಣ ಜೊತೆಗಿಟ್ಟುಕೊಳ್ಳಿ. ತಂತಿ ಕೆನ್ನೆಗೆ ಚುಚ್ಚಿದರೆ ತುದಿಗೆ ಒಂದು ಚಿಕ್ಕ ಉಂಡೆ ಮೆತ್ತಿದರೆ ನೆಮ್ಮದಿ. ಐಸ್ ತುಂಡು ಕಡಿಯುವುದು, ಬಾಟಲಿ ಮುಚ್ಚಳವನ್ನು ಹಲ್ಲಿನಿಂದ ತೆಗೆಯುವುದು ಯಾರಿಗೂ ಬೇಡ. ಗಟ್ಟಿ ಹಲ್ಲೂ ಸೀಳುತ್ತದೆ. ತಣ್ಣಗಿನದು ತಾಗಿದರೆ ಜುಮ್ ಎನ್ನುವವರು ಸೆನ್ಸಿಟಿವಿಟಿ ಪೇಸ್ಟನ್ನು ಹೊರಡುವ ಎರಡು ಮೂರು ವಾರ ಮೊದಲೇ ಶುರುಮಾಡಿ. ಅದು ಕೆಲಸ ಮಾಡಲು ಅಷ್ಟು ಸಮಯ ಬೇಕು.

ಹಿರಿಯರ ಹಲ್ಲಿನ ಸೆಟ್ಟು, ಹಲ್ಲು ನೇರ ಮಾಡಲು ಅಥವಾ ನೇರವಾಗಿಡಲು ಮಕ್ಕಳು ಹಾಕಿಕೊಳ್ಳುವ ಅಲೈನರ್, ರಿಟೇನರ್, ಇವು ಕಳೆದುಹೋಗುವುದು ಹೆಚ್ಚಾಗಿ ಊಟದ ಮೇಜಿನಲ್ಲಿ. ತೆಗೆದು ಟಿಶ್ಯೂನಲ್ಲಿ ಸುತ್ತಿಡುತ್ತಾರೆ, ಯಾರೋ ಕಸ ಎಂದು ಎತ್ತಿ ಎಸೆಯುತ್ತಾರೆ. ಎದ್ದು ಕಾಣುವ ಬಣ್ಣದ ಡಬ್ಬಿ ಇರಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ, ಬಿಸಿನೀರಿನಲ್ಲಿ ತೊಳೆದರೆ ಇವು ಸೊಟ್ಟಗಾಗುತ್ತವೆ. ಸೆಟ್ಟನ್ನು ರಾತ್ರಿ ತೆಗೆದು ತಣ್ಣೀರಿನಲ್ಲಿ ಮುಳುಗಿಸಿಡಿ. ಸಮುದ್ರಕ್ಕೆ ಇಳಿಯುವ ಮುಂಚೆ ತೆಗೆದಿಟ್ಟು ಇಳಿಯಲಿ. ಒಂದು ಅಲೆ ಮುಖಕ್ಕೆ ಬಡಿದರೆ ಹೋದದ್ದು ಮತ್ತೆ ಸಿಗುವುದಿಲ್ಲ.

ವಾಪಸ್ ಬಂದ ಮೇಲೆ ಒಂದು ಸಂಜೆ ಬೆಳಕಿನಲ್ಲಿ ಮಕ್ಕಳ ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಇನ್ನೂ ತೂತು ಬಿದ್ದಿಲ್ಲ. ಈ ಹಂತದಲ್ಲಿ ಬಂದರೆ ಫ್ಲೋರೈಡ್ ಹಚ್ಚಿ ಅಲ್ಲೇ ತಡೆಯಬಹುದು, ಕೊರೆಯಬೇಕಾಗಿಲ್ಲ. ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಡಿ. ಶಾಲೆ ಶುರುವಾಗುವ ಮೊದಲೇ ಡಾಕ್ಟರ್ ಹತ್ತಿರ ಸಮಯ ಕೇಳಿಟ್ಟುಕೊಳ್ಳಿ. ಎಳೆ ಬಾಗಿದ ಬ್ರಷ್ಷನ್ನೂ ಆಗಲೇ ಬದಲಾಯಿಸಿ.